ಬೇಸಿಗೆ ಮಳೆ, ಮಿಂಚು, ಹಿತ್ತಲು: ಫೋಟೊ ಹುಚ್ಚಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಗುಡುಗು ಕೇಳಿದ ವಾರದಿಂದಲೇ ಈ ಪ್ರಶ್ನೆಗಳು ಬರಲು ಶುರುವಾಗುತ್ತವೆ. ಕೆಲವು ವಾಟ್ಸಾಪ್‌ನಲ್ಲಿ, ಕೆಲವು ಮದುವೆಮನೆಯ ಊಟದ ಸಾಲಿನಲ್ಲಿ, ಒಂದೆರಡು ಇನ್‌ಲ್ಯಾಂಡ್ ಲೆಟರ್‌ನಲ್ಲೂ ಬಂದಿವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ನಾನಿರುವುದು ಹಾಸನದ ಕಡೆ, ಹಾಗಾಗಿ ಉದಾಹರಣೆಗಳು ಹೆಚ್ಚಾಗಿ ಇಲ್ಲಿನವು. ಕರಾವಳಿಯವರು, ಕಲಬುರಗಿ ಕಡೆಯವರು ದಿನಗಳನ್ನು ಸ್ವಲ್ಪ ಹಿಂದೆ ಮುಂದೆ ಮಾಡಿಕೊಳ್ಳಿ.

## ಈಗಷ್ಟೇ ಶುರು ಮಾಡಿದವರಿಗೆ

ಮಳೆ ಫೋಟೊ ಅಂದ್ರೆ ಮಳೆಗಾಲದಲ್ಲಿ ತೆಗೆಯೋದಲ್ವಾ? ಬೇಸಿಗೆಯಲ್ಲಿ ಏನು ಸಿಗುತ್ತೆ?

ಆಕಾಶದ ಫೋಟೊ ಬೇಕಿದ್ದರೆ ಬೇಸಿಗೆಯೇ ಒಳ್ಳೆಯದು. ಜೂನ್ ಬಂತೆಂದರೆ ಮುಂಗಾರಿನ ಮೋಡ ಇಡೀ ಆಕಾಶವನ್ನು ಒಂದೇ ಬೂದು ಬಣ್ಣದಲ್ಲಿ ಮುಚ್ಚಿಬಿಡುತ್ತದೆ. ಮೋಡಕ್ಕೆ ಅಂಚೂ ಇಲ್ಲ, ಬೆಳಕಿಗೆ ದಿಕ್ಕೂ ಇಲ್ಲ.

ಮಾರ್ಚ್‌ನಿಂದ ಮೇವರೆಗಿನ ಮಳೆಯ ರೀತಿಯೇ ಬೇರೆ. ಬೆಳಗ್ಗೆ ಆಕಾಶ ಶುಭ್ರ. ಮಧ್ಯಾಹ್ನ ನೆಲ ಕಾದು ಬಿಸಿಗಾಳಿ ಮೇಲೇಳುತ್ತದೆ, ಸಣ್ಣ ಬಿಳಿ ಮೋಡಗಳು ಹುಟ್ಟುತ್ತವೆ. ಅವುಗಳಲ್ಲಿ ಒಂದೆರಡು ಗೋಪುರದ ಹಾಗೆ ಬೆಳೆಯುತ್ತಾ ಹೋಗಿ 12 ಕಿಲೋಮೀಟರಿಗಿಂತಲೂ ಎತ್ತರ ಏರುತ್ತವೆ. ಅಲ್ಲಿಂದ ಮೇಲೆ ಹೋಗಲಾಗದೆ ತಲೆ ಚಪ್ಪಟೆಯಾಗಿ ಪಕ್ಕಕ್ಕೆ ಹರಡುತ್ತದೆ. ಸುತ್ತ ಬಿಸಿಲು, ನಡುವೆ ಕಪ್ಪು ಮೋಡ. ಸಂಜೆ ಬಿಸಿಲು ಆ ಮೋಡದ ಬದಿಗೆ ಬಿದ್ದಾಗ ಮುಂದಿರುವ ತೆಂಗಿನಮರ, ನೀರಿನ ಟ್ಯಾಂಕ್, ಒಣಗಿದ ಹೊಲ ಎಲ್ಲವೂ ಹೊಳೆಯುತ್ತವೆ.

ಮಳೆ ಸುರಿಯುವಾಗಿನದ್ದಕ್ಕಿಂತ ಅದಕ್ಕೆ ಅರ್ಧ ಗಂಟೆ ಮೊದಲು ಮತ್ತು ನಿಂತ ಅರ್ಧ ಗಂಟೆಯೊಳಗೆ ತೆಗೆದ ಫೋಟೊಗಳೇ ನನಗೆ ಇಷ್ಟ. ಗುಡುಗು ಇದ್ದರೆ ಇವನ್ನೂ ಒಳಗಿನಿಂದಲೇ ತೆಗೆಯಿರಿ. ಸುರಿಯುವಾಗ ಒಳಗೆ ಕೂತು ಕಾಫಿ ಕುಡಿಯಿರಿ.

ಯಾವ ಮಳೆಗೆ ಕಾಯಬೇಕು? ಅಶ್ವಿನಿನಾ, ಭರಣಿನಾ?

ಏಪ್ರಿಲ್ ಮಧ್ಯದಿಂದ ಅಶ್ವಿನಿ, ಏಪ್ರಿಲ್ ಕೊನೆಯಿಂದ ಭರಣಿ, ಮೇ ಎರಡನೇ ವಾರದಿಂದ ಕೃತ್ತಿಕೆ, ಮೇ ಕೊನೆಯಿಂದ ರೋಹಿಣಿ. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಅನ್ನುವುದು ರೈತರ ಲೆಕ್ಕ. ಫೋಟೊದವರ ಲೆಕ್ಕದಲ್ಲಿ ಭರಣಿ, ಕೃತ್ತಿಕೆ ಮೇಲು. ಅಶ್ವಿನಿಯಲ್ಲಿ ಮೋಡ ಕಟ್ಟಿ ಸುಮ್ನೆ ಚದುರಿಹೋಗುವುದು ಜಾಸ್ತಿ. ರೋಹಿಣಿಯ ಹೊತ್ತಿಗೆ ಮುಂಗಾರು ಕೇರಳದ ಬಾಗಿಲಿಗೆ ಬಂದಿರುತ್ತದೆ.

ಮಧ್ಯಾಹ್ನ 3ರಿಂದ ರಾತ್ರಿ 9ರವರೆಗೆ ಕಣ್ಣಿಟ್ಟರೆ ಸಾಕು.

ಕಾಫಿ ಹೂವಿನ ಫೋಟೊಗೆ ಯಾವ ತಾರೀಕಿಗೆ ಬರಲಿ?

ತಾರೀಕು ಹೇಳಲು ಬರುವುದಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಹೂಮಳೆ ಯಾವತ್ತು ಬಿತ್ತು ಎಂದು ತೋಟದವರನ್ನು ಕೇಳಿ, ಅಲ್ಲಿಂದ ಎಂಟು ಹತ್ತು ದಿನ ಎಣಿಸಿ. ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾರಿಸಿದವರ ತೋಟದಲ್ಲಿ ಹೂ ಬೇರೆ ದಿನ ಬರುತ್ತದೆ. ಹೂ ಬೆಳ್ಳಗಿರುವುದು ಎರಡು ಮೂರು ದಿನ ಮಾತ್ರ, ಆಮೇಲೆ ಕಂದು. ಬೆಳಗ್ಗೆ ಬೇಗ ಹೋದರೆ ಜೇನೂ ಸಿಗುತ್ತದೆ. ಬೇಲಿ ದಾಟುವ ಮೊದಲು ಕೇಳಿ. ಕೇಳಿದರೆ ಸಾಮಾನ್ಯವಾಗಿ ಕಾಫಿಯನ್ನೂ ಕೊಡುತ್ತಾರೆ.

ನನ್ನ ಹತ್ರ ಬರೀ ಮೊಬೈಲ್ ಇದೆ. ಸಾಕಾ?

ಮೋಡ, ಕಾಮನಬಿಲ್ಲು, ಎಲೆ ಮೇಲಿನ ಹನಿ, ಬಸವನಹುಳು, ಕಂಬಳಿಹುಳು, ಇವಕ್ಕೆಲ್ಲ ಧಾರಾಳ ಸಾಕು. ದೂರದ ಹಕ್ಕಿಗೆ ಸಾಲದು. ಜೂಮ್ ಮಾಡಿ ಮಾಡಿ ಬೇಸರಪಡಬೇಡಿ.

ತೆಗೆಯುವ ಮೊದಲು ಲೆನ್ಸ್ ಒರೆಸಿ. ಜೇಬಿನ ಬೆವರು, ಬೆರಳಿನ ಎಣ್ಣೆ ಅಂಟಿದ್ದರೆ ಎಂಥ ದುಬಾರಿ ಫೋನ್ ಆದರೂ ಮಂಜು ಮಂಜು. ಆಮೇಲೆ ಪರದೆಯಲ್ಲಿ ಮೋಡದ ಬೆಳ್ಳಗಿನ ಭಾಗದ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಹೆಚ್ಚಿನ ಫೋನ್‌ಗಳಲ್ಲಿ ಫೋಕಸ್ ಮತ್ತು ಬೆಳಕು ಅಲ್ಲಿಗೇ ನಿಲ್ಲುತ್ತವೆ. ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಕೆಳಗೆ ಎಳೆದು ಸ್ವಲ್ಪ ಕತ್ತಲು ಮಾಡಿ. ಮೋಡದ ಮಡಿಕೆಗಳು ಎದ್ದು ಕಾಣುತ್ತವೆ.

ಕ್ಯಾಮೆರಾ ತಗೊಳ್ಳೋದಾದ್ರೆ ಯಾವುದು ತಗೊಳ್ಲಿ ಸರ್?

ಸೆಕೆಂಡ್ ಹ್ಯಾಂಡ್ ಡಿಎಸ್ಎಲ್ಆರ್, ಅದರ ಜೊತೆ ಬರುವ 18-55 ಲೆನ್ಸ್. ಉಳಿದ ದುಡ್ಡಿನಲ್ಲಿ ಅಲುಗಾಡದ ಟ್ರೈಪಾಡ್ ಮತ್ತು ಒಂದು ರಿಮೋಟ್. ಕಂಪನಿ ಯಾವುದಾದರೂ ಆಗಬಹುದು. ಇದರ ಮೇಲೆ ಜಗಳ ಆಡುವವರಿಗೆ ಫೋಟೊಗಿಂತ ಜಗಳವೇ ಇಷ್ಟ.

## ಸಿಡಿಲಿನ ವಿಷಯ

ಟೆರೇಸ್ ಮೇಲೆ ಐದೇ ನಿಮಿಷ ನಿಂತ್ರೆ ಏನಾಗುತ್ತೆ?

ನಿಲ್ಲಬೇಡಿ. ಐದು ನಿಮಿಷವೂ ಬೇಡ, ಒಂದು ನಿಮಿಷವೂ ಬೇಡ. ನಮ್ಮ ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಾಯುತ್ತಾರೆ. ಹೊಲದಲ್ಲಿ ಇದ್ದವರು, ಕುರಿ ಕಾಯುವವರು, ಮಳೆಗೆ ಮರದಡಿ ನಿಂತವರೇ ಇವರಲ್ಲಿ ಜಾಸ್ತಿ. ಅವರಿಗೆ ಹೊರಗಿರುವುದು ಅನಿವಾರ್ಯ. ನಮಗೇನು ಅನಿವಾರ್ಯ?

ಲೆಕ್ಕ ಸುಲಭ. ಮಿಂಚು ಕಂಡು ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರ್ ದೂರ ಎಂದು ಗೊತ್ತಾಗುತ್ತದೆ. 30 ಸೆಕೆಂಡ್ ಎಂದರೆ 10 ಕಿಲೋಮೀಟರ್. ಅಷ್ಟರೊಳಗೆ ಇದ್ದರೆ ಆಗಲೇ ಒಳಗಿರಬೇಕು. ಮಳೆ ಬೀಳದ ಕಡೆಯೂ, ಮೋಡದಿಂದ ಹತ್ತು ಕಿಲೋಮೀಟರ್ ಆಚೆಯೂ ಸಿಡಿಲು ಬಡಿಯಬಲ್ಲದು. ಹಾಗಾಗಿ 'ಇಲ್ಲಿ ಇನ್ನೂ ಹನಿ ಬಿದ್ದಿಲ್ಲ' ಅನ್ನುವುದು ಸಮಾಧಾನವಲ್ಲ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾದು ಹೊರಗೆ ಬನ್ನಿ.

ಆರ್‌ಸಿಸಿ ಮನೆಯ ಒಳಗೆ, ಅಥವಾ ಕಿಟಕಿ ಏರಿಸಿದ ಕಾರಿನೊಳಗೆ ಇದ್ದರೆ ಸರಿ. ಬಾಲ್ಕನಿ, ತಗಡಿನ ಶೆಡ್, ಬಸ್ ಸ್ಟಾಪ್, ಮರದಡಿ ಇವು ಯಾವುವೂ ಲೆಕ್ಕಕ್ಕಿಲ್ಲ. ಮರಕ್ಕೆ ಹೊಡೆದ ಸಿಡಿಲು ನೆಲದಲ್ಲೂ ಹರಡುತ್ತದೆ. ಒಂದೇ ಮರದ ಕೆಳಗೆ ನಿಂತ ದನಗಳು ಒಟ್ಟಿಗೆ ಸಾಯುವುದು ಇದರಿಂದಲೇ. ಕಾರನ್ನೂ ಹಳೆಯ ಗುಲ್ಮೊಹರ್ ಕೆಳಗೆ ನಿಲ್ಲಿಸಬೇಡಿ. ಮಳೆಗೆ ಮುಂಚಿನ ಗಾಳಿಗೆ ಮೊದಲು ಬೀಳುವುದು ಅದರ ಕೊಂಬೆಗಳೇ.

ಮೊಬೈಲ್ ಸಿಡಿಲನ್ನ ಎಳೆಯುತ್ತಂತೆ, ಹೌದಾ?

ಇಲ್ಲ. ಬಯಲಿನಲ್ಲಿ ಮೊಬೈಲ್ ಹಿಡಿದವರಿಗೆ ಅಪಾಯ ಬರುವುದು ಬಯಲಿನಲ್ಲಿ ನಿಂತಿರುವುದರಿಂದ. ಆದರೆ ಚಾರ್ಜರ್‌ಗೆ ಸಿಕ್ಕಿಸಿಕೊಂಡು ಬಳಸಬೇಡಿ. ಹತ್ತಿರ ಸಿಡಿಲು ಬಿದ್ದರೆ ಕರೆಂಟಿನ ತಂತಿಯ ಮೂಲಕ ಒಳಗೆ ಬರಬಹುದು. ಅದೇ ಕಾರಣಕ್ಕೆ ಕಿಟಕಿಯ ಸರಳು, ನಲ್ಲಿ ಮುಟ್ಟಬೇಡಿ. ಟ್ರೈಪಾಡನ್ನು ಕಿಟಕಿಗೆ ತಾಗಿಸದೆ ಕೋಣೆಯೊಳಗೆ ಇಟ್ಟು, ರಿಮೋಟ್ ಅಥವಾ ಟೈಮರ್‌ನಿಂದ ಕ್ಲಿಕ್ ಮಾಡಿ.

ಮಳೆ ಬರುತ್ತೆ ಅಂತ ಮೊದಲೇ ಹೇಗೆ ತಿಳ್ಕೊಳ್ಳೋದು?

ಸಿಡಿಲಿಗೆಂದೇ ಎರಡು ಆ್ಯಪ್‌ಗಳಿವೆ. ಒಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ'. ನಿಮ್ಮ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗೆ ಸಿಡಿಲು ಬಿದ್ದಿದ್ದನ್ನು ತೋರಿಸುತ್ತದೆ. ಇನ್ನೊಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು'. ಹವಾಮಾನ ಇಲಾಖೆಯ ವೆಬ್‌ಸೈಟಿನಲ್ಲಿ ಉಪಗ್ರಹ ಚಿತ್ರ ಸಿಗುತ್ತದೆ. ಮಧ್ಯಾಹ್ನ ಅದರಲ್ಲಿ ಬಿಳಿ ಚುಕ್ಕೆಗಳು ಅರಳುತ್ತಿವೆಯಾ ನೋಡಿ.

ಆ್ಯಪ್ ಇಲ್ಲದೆಯೂ ಗೊತ್ತಾಗುತ್ತದೆ. ಹನ್ನೊಂದು ಗಂಟೆಗೇ ಬನಿಯನ್ ಒದ್ದೆಯಾಗುವಷ್ಟು ಸೆಕೆ, ಮೋಡದ ತಲೆ ಹೂಕೋಸಿನ ಹಾಗೆ ಗಟ್ಟಿ ಅಂಚಿನಿಂದ ಉಬ್ಬುತ್ತಿದೆ ಎಂದರೆ ಸಂಜೆಗೆ ಬ್ಯಾಟರಿ ಚಾರ್ಜ್ ಮಾಡಿಟ್ಟುಕೊಳ್ಳಿ. ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬೀಸಿ ಧೂಳೆದ್ದರೆ ಮೋಡದಿಂದ ಇಳಿದ ಗಾಳಿ ನಿಮ್ಮನ್ನು ಮುಟ್ಟಿದೆ. ಕೆಲವೇ ನಿಮಿಷಗಳಲ್ಲಿ ಮಳೆ. ಅಮ್ಮ ಬಟ್ಟೆ ತೆಗೆಯಲು ಓಡುವುದು ಇದೇ ಹೊತ್ತಿಗೆ ಅಲ್ವಾ? ನೀವು ಒಳಗೆ ಬರಬೇಕಾದದ್ದೂ ಆಗಲೇ.

## ಮಿಂಚು ಹಿಡಿಯುವುದು

ಮಿಂಚು ಕಂಡ ಮೇಲೆ ಕ್ಲಿಕ್ ಮಾಡಿದ್ರೆ ಬರೀ ಕತ್ತಲೆ ಬರುತ್ತೆ. ನಿಮಗೆ ಹೇಗೆ ಸಿಗುತ್ತೆ?

ನಾನು ಮಿಂಚನ್ನು ನೋಡಿ ಒತ್ತುವುದೇ ಇಲ್ಲ. ಬೆಳಕನ್ನು ಒಳಗೆ ಬಿಡುವ ಬಾಗಿಲು, ಅಂದರೆ ಶಟರ್, ಮೊದಲೇ ತೆರೆದಿರುತ್ತದೆ, ಮಿಂಚು ತಾನಾಗಿ ಬಂದು ಬೀಳುತ್ತದೆ. ರಾತ್ರಿ ಇದು ನಿಜಕ್ಕೂ ಸುಲಭ.

ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಡಿ. ದೂರದ ಬೀದಿದೀಪಕ್ಕೆ ಫೋಕಸ್ ಮಾಡಿ, ಆಮೇಲೆ ಮ್ಯಾನ್ಯುಯಲ್‌ಗೆ ಬದಲಿಸಿ. ಇಲ್ಲದಿದ್ದರೆ ಕತ್ತಲಲ್ಲಿ ಲೆನ್ಸ್ ಹಿಂದೆ ಮುಂದೆ ಹುಡುಕುತ್ತಲೇ ಇರುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎನ್ನುವ ಅಳತೆ) 100 ಅಥವಾ 200, ಅಪರ್ಚರ್ (ಲೆನ್ಸ್ ಒಳಗಿನ ಕಿಂಡಿ; ಎಫ್ ಸಂಖ್ಯೆ ಹೆಚ್ಚಾದಷ್ಟೂ ಕಿಂಡಿ ಕಿರಿದು) ಎಫ್ 8, ಶಟರ್ 15 ಸೆಕೆಂಡ್. ಒಂದರ ಹಿಂದೆ ಒಂದು ತೆಗೆಯುವ ಹಾಗೆ ಇಟ್ಟು ರಿಮೋಟ್ ಗುಂಡಿಯನ್ನು ಲಾಕ್ ಮಾಡಿ. ಮಿಂಚು ಎಲ್ಲಿ ಹೆಚ್ಚು ಬರುತ್ತಿದೆಯೋ ಆ ಕಡೆ ತಿರುಗಿಸಿ, ಸುಮ್ನೆ ಕೂರಿ. ಹೆಚ್ಚಿನ ಫ್ರೇಮ್ ಖಾಲಿ ಇರುತ್ತವೆ, ಅಳಿಸಿದರಾಯಿತು.

ಫೋನ್‌ನಲ್ಲಿ ಪ್ರೊ ಮೋಡ್ ಇದ್ದರೆ ಇದನ್ನೇ ಮಾಡಬಹುದು. ಹೆಚ್ಚಿನ ಫೋನ್‌ಗಳ ಅಪರ್ಚರ್ ಬದಲಾಗುವುದಿಲ್ಲವಾದ್ದರಿಂದ ಐಎಸ್‌ಒ ಅತಿ ಕಡಿಮೆ ಇಡಿ, ಶಟರ್ ನಾಲ್ಕೈದು ಸೆಕೆಂಡ್ ಸಾಕು.

ಶಟರ್ ಟೈಮ್ ಕಡಿಮೆ ಮಾಡಿದ್ರೂ ಮಿಂಚು ಬೆಳ್ಳಗೆ ಸುಟ್ಟು ಹೋಗುತ್ತೆ. ಯಾಕೆ?

ಇಲ್ಲೇ ಎಲ್ಲರೂ ಎಡವುವುದು. ಒಂದು ಮಿಂಚು ಅರ್ಧ ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಶಟರ್ 5 ಸೆಕೆಂಡ್ ತೆರೆದಿರಲಿ, 25 ಸೆಕೆಂಡ್ ತೆರೆದಿರಲಿ, ಮಿಂಚಿನಿಂದ ಬರುವ ಬೆಳಕು ಅಷ್ಟೇ. ಶಟರ್ ಬದಲಿಸಿದರೆ ಬದಲಾಗುವುದು ಊರಿನ ದೀಪ, ಆಕಾಶ, ಮುಂದಿನ ಮರಗಳ ಬೆಳಕು. ಮಿಂಚಿನ ಬೆಳಕನ್ನು ಹಿಡಿತದಲ್ಲಿಡುವುದು ಅಪರ್ಚರ್ ಮತ್ತು ಐಎಸ್‌ಒ ಮಾತ್ರ.

ಹಾಗಾಗಿ ಮಿಂಚು ಸುಟ್ಟುಹೋದರೆ ಎಫ್ 8ರಿಂದ ಎಫ್ 11ಕ್ಕೆ ಹೋಗಿ. ಹತ್ತಿರದ ಸಿಡಿಲಾದರೆ ಎಫ್ 16. ದೂರದ್ದು ಮಂಕಾಗಿ ಬಂದರೆ ಎಫ್ 5.6. ಬೆಂಗಳೂರಿನಂಥ ಕಡೆ ಆಕಾಶವೇ ಕಿತ್ತಳೆಯಾಗಿ ಬರುತ್ತಿದ್ದರೆ ಆಗ ಶಟರ್ ಕಡಿಮೆ ಮಾಡಿ, ವೈಟ್ ಬ್ಯಾಲೆನ್ಸ್ (ಫೋಟೊದ ಬಣ್ಣ ಸರಿಪಡಿಸುವ ಸೆಟ್ಟಿಂಗ್) 4000 ಕೆಲ್ವಿನ್ ಆಸುಪಾಸಿಗೆ ಇಳಿಸಿ. ಅಪರ್ಚರ್ ಮತ್ತು ಶಟರ್, ಈ ಎರಡು ಗುಂಡಿಗಳ ಕೆಲಸ ಬೇರೆ ಬೇರೆ ಎಂದು ಮನಸ್ಸಿಗೆ ಇಳಿದ ದಿನದಿಂದ ಸೆಟ್ಟಿಂಗ್ ಬಗ್ಗೆ ಯಾರನ್ನೂ ಕೇಳಬೇಕಾಗುವುದಿಲ್ಲ.

ಹಗಲಲ್ಲಿ ಮಿಂಚು ಹಿಡಿಯೋದು ಹೇಗೆ?

ಶಟರ್ ಅಷ್ಟು ಹೊತ್ತು ತೆರೆದಿಟ್ಟರೆ ಫೋಟೊ ಬಿಳಿ ಕಾಗದವಾಗುತ್ತದೆ. ದುಡ್ಡಿದ್ದರೆ ಬೆಳಕು ಬಿದ್ದ ಕೂಡಲೇ ತಾನೇ ಕ್ಲಿಕ್ಕಿಸುವ ಲೈಟ್ನಿಂಗ್ ಟ್ರಿಗರ್ ಸಿಗುತ್ತದೆ. ಇಲ್ಲದಿದ್ದರೆ 4ಕೆ ವಿಡಿಯೊ ಮಾಡಿ, ಮಿಂಚಿದ ಫ್ರೇಮನ್ನು ತೆಗೆದುಕೊಳ್ಳಿ. ಒಂದು ಫ್ರೇಮ್‌ನಲ್ಲಿ ಸುಮಾರು 8 ಮೆಗಾಪಿಕ್ಸೆಲ್ ಇರುತ್ತದೆ, ಗೋಡೆಗೆ ಹಾಕುವಷ್ಟು ಸಾಕು. ಕೆಲವು ಫ್ರೇಮ್‌ಗಳಲ್ಲಿ ಅರ್ಧ ಚಿತ್ರ ಬೆಳಕು, ಅರ್ಧ ಕತ್ತಲು ಇರುತ್ತದೆ. ಫೋನ್ ಕೆಟ್ಟಿಲ್ಲ. ಅದು ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ, ಓದು ಮುಗಿಯುವ ಮೊದಲೇ ಮಿಂಚು ಮುಗಿದಿರುತ್ತದೆ.

ಕಿಟಕಿ ಗಾಜಿನಲ್ಲಿ ನನ್ನ ಮುಖವೇ ಕಾಣುತ್ತೆ!

ಕೋಣೆಯ ದೀಪ, ಟಿವಿ ಆರಿಸಿ. ಕ್ಯಾಮೆರಾವನ್ನು ಕಿಟಕಿಗೆ ತಾಗದ ಹಾಗೆ ಗಾಜಿನ ಹತ್ತಿರಕ್ಕೆ ತಂದು ಸುತ್ತ ಕಪ್ಪು ಬಟ್ಟೆ ಹೊದಿಸಿ. ಗಾಜನ್ನು ಮಧ್ಯಾಹ್ನವೇ ಒರೆಸಿಡಿ.

ಕಾಮನಬಿಲ್ಲು ಎಲ್ಲಿ ಬರುತ್ತೆ ಅಂತ ಮೊದಲೇ ಹೇಳಬಹುದಾ?

ಹೇಳಬಹುದು. ಸೂರ್ಯನಿಗೆ ಬೆನ್ನು ಮಾಡಿ ನಿಂತರೆ ನಿಮ್ಮ ನೆರಳು ಬೀಳುವ ದಿಕ್ಕೇ ಬಿಲ್ಲಿನ ನಡು. ಸಂಜೆ ಮಳೆ ನಿಂತು ಪಡುವಣದಲ್ಲಿ ಬಿಸಿಲು ಬಂದರೆ ಮೂಡಣಕ್ಕೆ ಓಡಿ. ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಬಯಲಲ್ಲಿ ನಿಂತವರಿಗೆ ಆಕಾಶದಲ್ಲಿ ಬಿಲ್ಲು ಕಾಣುವುದಿಲ್ಲ. ಅದಕ್ಕೇ ನಡುಮಧ್ಯಾಹ್ನ ಸಿಗುವುದಿಲ್ಲ. ಸೂರ್ಯ ಕೆಳಗಿಳಿದಷ್ಟೂ ಬಿಲ್ಲು ದೊಡ್ಡದು. ಎರಡು ಬಿಲ್ಲು ಬಂದಾಗ ಹೊರಗಿನದರ ಬಣ್ಣಗಳು ತಿರುವು ಮುರುವು, ಎರಡರ ನಡುವಿನ ಆಕಾಶ ಸ್ವಲ್ಪ ಕಪ್ಪು. ಲೆನ್ಸ್ ಮುಂದೆ ಪೋಲರೈಸರ್ ಎಂಬ ಫಿಲ್ಟರ್ ಹಾಕಿದ್ದರೆ ತಿರುಗಿಸಿ ನೋಡಿ. ಒಂದು ಕಡೆ ತಿರುಗಿಸಿದರೆ ಬಣ್ಣ ಗಾಢವಾಗುತ್ತದೆ, ಇನ್ನೊಂದು ಕಡೆ ಬಿಲ್ಲೇ ಮಾಯ.

## ಮಳೆ ನಿಂತ ಮೇಲೆ ಹಿತ್ತಲಲ್ಲಿ

ನಮ್ಮದು ತರ್ಟಿ ಫಾರ್ಟಿ ಸೈಟ್ ಮನೆ. ಹಿತ್ತಲೇ ಇಲ್ಲ, ಏನು ತೆಗೆಯೋದು?

ಒಂದು ಕುಂಡದಲ್ಲಿ ಕರಿಬೇವು, ಇನ್ನೊಂದರಲ್ಲಿ ನಿಂಬೆ ಇಡಿ. ಔಷಧ ಹೊಡೆಯಬೇಡಿ. ಅಷ್ಟು ಮಾಡಿದರೆ ಚಿಟ್ಟೆಗಳೇ ಮನೆ ಹುಡುಕಿಕೊಂಡು ಬರುತ್ತವೆ. ಲೈಮ್ ಮತ್ತು ಕಾಮನ್ ಮಾರ್ಮನ್ ಎಂಬ ಚಿಟ್ಟೆಗಳು ಈ ಗಿಡಗಳ ಚಿಗುರಿನ ಮೇಲೇ ಒಂದೊಂದು ಮೊಟ್ಟೆ ಇಡುತ್ತವೆ. ಮರಿಹುಳು ಮೊದಮೊದಲು ಹಕ್ಕಿ ಹಿಕ್ಕೆಯ ಹಾಗೇ ಕಾಣುತ್ತದೆ. ತಿನ್ನಲು ಬಂದವರಿಗೆ ಹೇಸಿಗೆಯಾಗಲಿ ಎಂದೇ ಈ ವೇಷ. ಬೆಳೆದ ಮೇಲೆ ಎಲೆಯ ಹಸಿರು ಬಣ್ಣ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬು ಹೊರಗೆ ಹಾಕಿ ವಾಸನೆ ಬಿಡುತ್ತದೆ. ಅದನ್ನು ತೋರಿಸಲೆಂದು ಪದೇ ಪದೇ ಕೆಣಕಬೇಡಿ.

ಮೊಟ್ಟೆಯಿಂದ ಚಿಟ್ಟೆಯವರೆಗೆ ಸುಮಾರು ಒಂದು ತಿಂಗಳು. ಕೋಶದ ಬಣ್ಣ ಕಪ್ಪಾಗಿ ಒಳಗಿನ ರೆಕ್ಕೆ ಕಾಣತೊಡಗಿದರೆ ಮಾರನೆಯ ಬೆಳಗ್ಗೆ ಬೇಗ ಏಳಿ. ಸಾರಿನ ಒಗ್ಗರಣೆಗೆ ಎಲೆ ಕಡಿಮೆ ಬೀಳುತ್ತದೆ ಎಂದು ಮನೆಯಲ್ಲಿ ಗೊಣಗಬಹುದು. ಎರಡನೇ ಕುಂಡ ಇಡಿ.

ರಸ್ತೆ ಬದಿಯ ಎಕ್ಕದ ಗಿಡದಲ್ಲಿ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆಯ ಹುಳುಗಳಿರುತ್ತವೆ. ಅದಕ್ಕೆ ಕುಂಡವೂ ಬೇಡ.

ಮೊದಲ ಮಳೆ ಬಿದ್ದ ಸಂಜೆ ಏನೇನು ನೋಡಬೇಕು?

ದೀಪದ ಸುತ್ತ ನೋಡಿ. ಹದವಾದ ಮಳೆಯ ನಂತರ ಈಸಲು ಹುಳು ಹುತ್ತದಿಂದ ಏಳುತ್ತವೆ. ರೆಕ್ಕೆ ಬಂದ ಗೆದ್ದಲು ಇವು. ಹಾರಿ, ರೆಕ್ಕೆ ಉದುರಿಸಿ, ಜೋಡಿಯಾಗಿ ನೆಲದೊಳಗೆ ಸೇರುತ್ತವೆ. ಹಿಂದೆ ಇದನ್ನು ಹಿಡಿದು ಹುರಿದು ತಿನ್ನುತ್ತಿದ್ದರು, ಕೆಲವು ಕಡೆ ಈಗಲೂ. ಹುಳುಗಳ ಫೋಟೊಗಿಂತ ಅವನ್ನು ತಿನ್ನಲು ಬಂದವರ ಫೋಟೊ ಚೆನ್ನ: ಗೋಡೆಯಲ್ಲಿ ಹಲ್ಲಿ, ನೆಲದಲ್ಲಿ ಕಪ್ಪೆ. ಬೆಳಕು ಇನ್ನೂ ಇದ್ದರೆ ತಂತಿಯಿಂದ ಹಾರಿ ಗಾಳಿಯಲ್ಲೇ ಹಿಡಿಯುವ ಕಾಜಾಣ.

ದೊಡ್ಡ ಮಳೆ ಬಿದ್ದು ಗದ್ದೆ, ಹೊಂಡದಲ್ಲಿ ನೀರು ನಿಂತರೆ ಗೋಂಕರು ಕಪ್ಪೆಗಳ ಗಂಡುಗಳು ನಿಂಬೆಹಣ್ಣಿನ ಹಳದಿಗೆ ತಿರುಗುತ್ತವೆ, ಕೂಗುವಾಗ ಕತ್ತಿನ ಎರಡೂ ಬದಿ ನೀಲಿ ಚೀಲ ಉಬ್ಬುತ್ತದೆ. ಬೇಲಿಯ ಮೇಲೆ ಗಂಡು ಓತಿಕ್ಯಾತದ ತಲೆ, ಗಂಟಲು ಕೆಂಪಾಗಿರುತ್ತದೆ. ಎರಡೂ ಹೆಣ್ಣನ್ನು ಒಲಿಸಿಕೊಳ್ಳುವ ಕಾಲದ ಬಣ್ಣ. ಕತ್ತಲಲ್ಲಿ ಹೊಂಡದ ಹತ್ತಿರ ಹೋಗುವುದಾದರೆ ಗಮ್‌ಬೂಟು ಹಾಕಿ, ಟಾರ್ಚ್ ಹಿಡಿಯಿರಿ. ಕಪ್ಪೆ ಇದ್ದ ಕಡೆ ಹಾವೂ ಬರುತ್ತದೆ.

ಹನಿಯೊಳಗೆ ಹೂ ಕಾಣೋ ಫೋಟೊ ಫೋಟೊಶಾಪಾ?

ಅಲ್ಲ. ನೀರಿನ ಹನಿಯೇ ಒಂದು ಲೆನ್ಸ್. ಹಿಂದೆ ಇರುವುದನ್ನು ತಲೆಕೆಳಗಾಗಿ ತೋರಿಸುತ್ತದೆ. ಹುಲ್ಲಿನ ತುದಿಯ ಹನಿಯ ಹಿಂದೆ, ಒಂದು ಗೇಣು ದೂರದಲ್ಲಿ, ದಾಸವಾಳ ಹಿಡಿಯಿರಿ. ಫೋಕಸ್ ಮಾಡಬೇಕಾದ್ದು ಹನಿಯ ಅಂಚಿಗಲ್ಲ, ಒಳಗೆ ಕಾಣುವ ಹೂವಿಗೆ. ಗಾಳಿ ಬಂದರೆ ಕೆಲಸ ಕೆಟ್ಟಿತು. ಮನೆಯವರೊಬ್ಬರಿಗೆ ಹುಲ್ಲಿನ ಬುಡ ಹಿಡಿದುಕೊಳ್ಳಲು ಹೇಳಿ.

ಹಕ್ಕಿ ಗೂಡು ಸಿಕ್ಕಿದೆ, ಮರಿ ಇದೆ. ಎಷ್ಟು ಹತ್ತಿರ ಹೋಗಬಹುದು?

ಹೋಗದಿರುವುದೇ ಒಳ್ಳೆಯದು. ಪಿಕಳಾರ, ಸೂರಕ್ಕಿ ನಮ್ಮ ವರಾಂಡದಲ್ಲೇ ಗೂಡು ಕಟ್ಟುವುದರಿಂದ ಸಲಿಗೆ ಹೆಚ್ಚು. ಆದರೆ ನಾವು ದಿನಾ ಇಣುಕುವ ಕಡೆಗೆ ಕಾಗೆಯ ಕಣ್ಣೂ ಬೀಳುತ್ತದೆ. ಫೋಟೊಗೆ ಅಡ್ಡ ಬಂತೆಂದು ಎಲೆ ಕಿತ್ತರೆ ಮರಿಗಳ ನೆರಳು ಹೋಯಿತು. ಕಿಟಕಿಯ ಒಳಗಿನಿಂದ, ಫ್ಲ್ಯಾಶ್ ಇಲ್ಲದೆ ಒಂದೆರಡು ತೆಗೆದು ಬಿಟ್ಟುಬಿಡಿ. ಫೋಟೊ ಹಂಚುವಾಗ ಜಾಗ ಹೇಳಬೇಡಿ. ಗೂಡಿನ ಫೋಟೊಗಳನ್ನು ಸ್ವೀಕರಿಸದ ಸ್ಪರ್ಧೆಗಳೂ ಇವೆ, ಅದು ಸರಿಯಾದ ನಿಯಮ ಎಂದೇ ನನ್ನ ಅಭಿಪ್ರಾಯ.

ಚಾತಕ ಪಕ್ಷಿ ನಮ್ಮ ಕಡೆ ಸಿಗುತ್ತಾ?

ಸಿಗುತ್ತದೆ. ಕಪ್ಪು ಬಿಳುಪು ಮೈ, ತಲೆಯ ಮೇಲೆ ಜುಟ್ಟು. ಆಫ್ರಿಕಾದಿಂದ ಮುಂಗಾರಿನ ಜೊತೆ ಬರುವ ಚಾತಕಗಳು ಹೆಚ್ಚಾಗಿ ಮಧ್ಯ ಮತ್ತು ಉತ್ತರ ಭಾರತಕ್ಕೆ ಹೋಗುತ್ತವೆ. ದಕ್ಷಿಣದಲ್ಲಿ ಇಲ್ಲೇ ಉಳಿಯುವವೂ ಇವೆ. ಮಳೆ ನೀರನ್ನೇ ಕುಡಿಯುತ್ತದೆ ಅನ್ನುವುದು ಕವಿಗಳ ಮಾತು. ಹುಡುಕುವವರು ಹರಟೆಮಲ್ಲಗಳ ಗುಂಪನ್ನು ಗಮನಿಸಿ, ಅವುಗಳ ಗೂಡಿನಲ್ಲೇ ಇದು ಮೊಟ್ಟೆ ಇಡುವುದು.

## ಸ್ವಲ್ಪ ಪಳಗಿದವರಿಗೆ

ಮಿಂಚುಹುಳು ಫೋಟೊದಲ್ಲಿ ಸಾವಿರಾರು ಚುಕ್ಕಿ ಇರುತ್ತಲ್ಲ, ಅದು ನಿಜವಾ?

ಚುಕ್ಕಿಗಳು ನಿಜ, ಒಂದೇ ಕ್ಷಣದ್ದಲ್ಲ. ಮೇ ಕೊನೆಯಿಂದ ಜೂನ್ ಮಧ್ಯದವರೆಗೆ, ಮುಂಗಾರು ಜೋರಾಗುವ ಮೊದಲು, ಮಲೆನಾಡಿನ ಅಂಚಿನ ತೋಟ, ಹಳ್ಳಗಳ ಬಳಿ ಮಿಂಚುಹುಳು ತುಂಬಿರುತ್ತವೆ. ಟ್ರೈಪಾಡ್ ಮೇಲೆ ಎಫ್ 2 ಆಸುಪಾಸು, ಐಎಸ್‌ಒ 1600, 20 ಸೆಕೆಂಡ್. ಇಂಥ ಹತ್ತಾರು ಫ್ರೇಮ್ ತೆಗೆದು, ಸ್ಟಾರ್‌ಸ್ಟಾಕ್ಸ್‌ನಂಥ ಉಚಿತ ತಂತ್ರಾಂಶದಲ್ಲಿ ಬೆಳಕಿನ ಚುಕ್ಕಿಗಳನ್ನಷ್ಟೇ ಕೂಡಿಸುತ್ತಾರೆ. ಮುಂದಿನ ಮರಗಳ ಫ್ರೇಮನ್ನು ಕತ್ತಲಾಗುವ ಮೊದಲೇ ತೆಗೆದಿಟ್ಟುಕೊಳ್ಳಿ.

ಹೀಗೆ ಕೂಡಿಸುವುದು ಮೋಸವಲ್ಲ, ಹೇಳದಿರುವುದು ಮೋಸ. ಮಿಂಚಿನ ಫ್ರೇಮ್‌ಗಳಿಗೂ ಇದೇ ಮಾತು. 'ಒಂದು ಗಂಟೆಯ ಮಿಂಚು, ಒಂದೇ ಚಿತ್ರದಲ್ಲಿ' ಎಂದು ಕೆಳಗೆ ಬರೆದರೆ ಫೋಟೊದ ತೂಕ ಕಡಿಮೆಯಾಗುವುದಿಲ್ಲ.

ಟಾರ್ಚ್, ಫ್ಲ್ಯಾಶ್, ಕಾರಿನ ಹೆಡ್‌ಲೈಟ್ ಬೇಡವೇ ಬೇಡ. ಗಂಡು ಮಿನುಗಿದ್ದಕ್ಕೆ ಎಲೆಯ ಮೇಲಿನ ಹೆಣ್ಣು ಮಿನುಗಿ ಉತ್ತರ ಕೊಡುತ್ತದೆ. ಹೊರಗಿನ ಬೆಳಕು ಬಿದ್ದರೆ ಆ ಮಾತುಕತೆ ನಿಲ್ಲುತ್ತದೆ.

ಲೆನ್ಸ್ ಒಳಗೆ ಜೇಡರ ಬಲೆ ತರ ಕಾಣ್ತಿದೆ. ಏನದು?

ಫಂಗಸ್. ಮಲೆನಾಡು, ಕರಾವಳಿಯವರ ಮನೆ ಶತ್ರು. ಬಟ್ಟೆಯ ಅಥವಾ ಚರ್ಮದ ಬ್ಯಾಗಿನಲ್ಲಿಟ್ಟು ಬೀರುವಿಗೆ ಸೇರಿಸಿದರೆ ಬಂದೇ ಬರುತ್ತದೆ. ದುಡ್ಡಿದ್ದರೆ ಡ್ರೈ ಕ್ಯಾಬಿನೆಟ್ ತಂದು ತೇವಾಂಶ ಶೇಕಡಾ 40ರಿಂದ 50ರ ನಡುವೆ ಇಡಿ. ಇಲ್ಲದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಸಣ್ಣ ಮೀಟರ್. ಜೆಲ್‌ನ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ಅಡುಗೆ ಬಾಣಲೆ ಮಾತ್ರ ಬೇಡ. ಅಕ್ಕಿ ಡಬ್ಬಿಯಲ್ಲಿ ಕ್ಯಾಮೆರಾ ಹೂಳುವವರಿದ್ದಾರೆ. ಅಕ್ಕಿಯ ಧೂಳು ಒಳಗೆ ಸೇರುವುದಷ್ಟೇ ಲಾಭ.

ಈಗಾಗಲೇ ಫಂಗಸ್ ಬಂದ ಲೆನ್ಸನ್ನು ಬೇರೆ ಲೆನ್ಸ್‌ಗಳ ಜೊತೆ ಇಡಬೇಡಿ. ರಿಪೇರಿಗೆ ಕೊಡುವ ಮೊದಲು ಖರ್ಚು ಕೇಳಿ. 18-55 ಆದರೆ ಹೊಸದೇ ಅಗ್ಗ ಬೀಳಬಹುದು.

ಇಷ್ಟೆಲ್ಲ ಫೋಟೊ ತೆಗೆದು ಏನು ಮಾಡೋದು? ಹಾರ್ಡ್ ಡಿಸ್ಕ್ ತುಂಬಿದೆ.

ಮೊದಲು ಅಳಿಸಿ. ಉಳಿದದ್ದಕ್ಕೆ ತಾರೀಕು, ಊರು, ಯಾವ ಗಿಡದ ಮೇಲಿತ್ತು ಎಂದು ಒಂದು ಸಾಲು ಬರೆಯಿರಿ. ಹೆಸರು ಗೊತ್ತಿಲ್ಲದ ಹುಳು, ಜೇಡ, ಹೂವನ್ನು ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ವೆಬ್‌ಸೈಟಿಗೆ ಹಾಕಿದರೆ ತಿಳಿದವರು ಗುರುತಿಸಿ ಹೇಳುತ್ತಾರೆ. ಹಕ್ಕಿಗಳಿಗೆ ಇಬರ್ಡ್ ಇದೆ. ಅಲ್ಲಿ ಫೋಟೊ ಚೆನ್ನಾಗಿರಬೇಕೆಂದಿಲ್ಲ, ಗುರುತು ಸಿಕ್ಕರೆ ಸಾಕು. ಮಸುಕಾದ ಜೇಡವನ್ನೂ ಸಂಶೋಧಕರು ಬಳಸುತ್ತಾರೆ, ತಾರೀಕು ಮತ್ತು ಜಾಗ ಸರಿ ಇದ್ದರೆ. ಹಾಗಾಗಿ ಕ್ಯಾಮೆರಾದ ಗಡಿಯಾರ ಸರಿಯಾಗಿದೆಯಾ ಎಂದು ಇವತ್ತೇ ನೋಡಿ. ಬ್ಯಾಟರಿ ಪೂರ್ತಿ ಸತ್ತು ಮತ್ತೆ ಚಾರ್ಜ್ ಮಾಡಿದಾಗ ಎಷ್ಟೋ ಕ್ಯಾಮೆರಾಗಳು ಹಳೆಯ ಯಾವುದೋ ವರ್ಷದ ಜನವರಿ 1ಕ್ಕೆ ಹೋಗಿ ಕೂತಿರುತ್ತವೆ.